ಎರಡು ಕಣ್ಣು, ನಾಲ್ಕು ಜನ: ಅರ್ಧ ಮಿಲಿಮೀಟರ್ ಒಳಗಿನ ಚರಿತ್ರೆ

(ಈ ವಾರದ ಸಂಚಿಕೆಯ ಬರಹ ರೂಪ)

ಹಾನುಬಾಳಿನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಸಂಚಿಕೆ ಒಂದು ಸಣ್ಣ ಲೆಕ್ಕದಿಂದ ಶುರು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆ ದಿನ ಯಾರು ಎಲ್ಲಿದ್ದರು ಅನ್ನೋದು ಕರ್ನಾಟಕದಲ್ಲಿ ಎಲ್ಲರಿಗೂ ನೆನಪಿದೆ. ಅವತ್ತೇ ಅವರ ಕುಟುಂಬ ಅವರ ಕಣ್ಣುಗಳನ್ನು ದಾನ ಮಾಡಿತು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಕೆ. ಭುಜಂಗ ಶೆಟ್ಟಿ ಅವರ ತಂಡ ಆ ಕಣ್ಣುಗಳಿಂದ ನಾಲ್ಕು ಯುವ ರೋಗಿಗಳಿಗೆ ಕಸಿ ಮಾಡಿತು. ಕಣ್ಣು ಎರಡು, ದೃಷ್ಟಿ ಪಡೆದವರು ನಾಲ್ಕು ಜನ. ಎರಡು ನಾಲ್ಕಾಗಿದ್ದು ಹೇಗೆ?

ಉತ್ತರ ಇರೋದು ಕಾರ್ನಿಯಾದಲ್ಲಿ. ಕಣ್ಣಿನ ಮುಂಭಾಗದಲ್ಲಿ, ವಾಚಿನ ಗಾಜಿನ ಹಾಗೆ ಕೂತಿರೋ ಪಾರದರ್ಶಕ ಪೊರೆ ಅದು. ನಡುವಿನಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್‌ನಷ್ಟು. ಅದರೊಳಗೆ ರಕ್ತನಾಳಗಳಿಲ್ಲ. ಅಷ್ಟು ತೆಳುವಾದರೂ ಅದು ಒಂದೇ ಹಾಳೆಯಲ್ಲ, ಪದರ ಪದರವಾಗಿದೆ. ಕೆಲವರಿಗೆ ಮುಂದಿನ ಪದರ ಮಾತ್ರ ಕೆಟ್ಟಿರುತ್ತೆ, ಹಿಂದಿನದು ಚೆನ್ನಾಗಿರುತ್ತೆ. ಇನ್ನು ಕೆಲವರಿಗೆ ಹಿಂದಿನ ಪದರವೇ ಕೆಟ್ಟಿರುತ್ತೆ. ಹಾಗಿದ್ದಾಗ ಇಡೀ ಕಾರ್ನಿಯಾ ಯಾಕೆ ಬದಲಿಸಬೇಕು? ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಎರಡಾಗಿ ಬಿಡಿಸಿದರು. ಮುಂಭಾಗ ಒಬ್ಬರಿಗೆ, ಹಿಂಭಾಗ ಇನ್ನೊಬ್ಬರಿಗೆ. ಹೀಗೆ ನಾಲ್ಕು.

ಅರ್ಧ ಮಿಲಿಮೀಟರ್ ಅಂದರೆ ಐದಾರು ಹಾಳೆ ಕಾಗದದ ದಪ್ಪ. ಅದರೊಳಗೆ ಪದರ ಬಿಡಿಸೋ ವಿದ್ಯೆಯನ್ನು ವೈದ್ಯರು ಮೊದಲು ಕೈಯಲ್ಲೇ ಕಲಿತರು. ಆಮೇಲೆ ಅದೇ ಜಾಗಕ್ಕೆ ಒಂದು ಬೆಳಕಿನ ಚಾಕು ಬಂತು. ಇವತ್ತಿನ ಕಥೆ ಆ ಚಾಕುವಿನದು. ಅದು ಎಲ್ಲಿಂದ ಬಂತು, ನಮ್ಮ ಬೆಂಗಳೂರಿನಲ್ಲಿ ಏನು ಮಾಡಿದೆ, ಮತ್ತೆ ನಮ್ಮಂಥ ಊರಿನವರಿಗೆ ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದು.

ಸುಣ್ಣ ಬಿದ್ದ ಕಣ್ಣು

ಮೊದಲು 1905ಕ್ಕೆ ಹೋಗೋಣ. ಇವತ್ತಿನ ಚೆಕ್ ದೇಶದಲ್ಲಿರೋ ಓಲೋಮೌಟ್ಸ್ ಅನ್ನೋ ಊರು. ಅಲ್ಲಿ ಅಲೋಯಿಸ್ ಗ್ಲೋಗರ್ ಅನ್ನೋ ಕೃಷಿ ಕೂಲಿಕಾರ ಇದ್ದ. ಸುಣ್ಣದ ಕೆಲಸ ಮಾಡುವಾಗ ಎರಡೂ ಕಣ್ಣಿಗೆ ಸುಣ್ಣ ಬಿದ್ದು ಕಾರ್ನಿಯಾ ಬೆಳ್ಳಗಾಗಿತ್ತು. ಅದೇ ಸಮಯಕ್ಕೆ ಡಾ. ಎಡ್ವರ್ಡ್ ಝಿರ್ಮ್ ಅವರ ಹತ್ತಿರ 11 ವರ್ಷದ ಒಬ್ಬ ಹುಡುಗ ಬಂದ. ಕಬ್ಬಿಣದ ಚೂರು ಹೊಕ್ಕು ಅವನ ಕಣ್ಣನ್ನು ತೆಗೆಯಲೇಬೇಕಾಗಿತ್ತು, ಆದರೆ ಕಾರ್ನಿಯಾ ಚೆನ್ನಾಗಿತ್ತು. 1905ರ ಡಿಸೆಂಬರ್ 7ರಂದು ಝಿರ್ಮ್ ಆ ಕಾರ್ನಿಯಾವನ್ನು ಗ್ಲೋಗರ್‌ನ ಕಣ್ಣುಗಳಿಗೆ ಕೂರಿಸಿದರು. ಒಂದು ಕಣ್ಣಲ್ಲಿ ನಿಲ್ಲಲಿಲ್ಲ. ಇನ್ನೊಂದು ಕಣ್ಣಲ್ಲಿ ನಿಂತಿತು. ಆತ ಮತ್ತೆ ಕೆಲಸಕ್ಕೆ ಹೋದ. ಮನುಷ್ಯನಿಂದ ಮನುಷ್ಯನಿಗೆ ಮಾಡಿ ಯಶಸ್ವಿಯಾದ ಮೊದಲ ಕಾರ್ನಿಯಾ ಕಸಿ ಅದು.

ಈ ಕಥೆ ಓದಿದಾಗ ನನಗೆ ಮೊದಲು ಹೊಳೆದದ್ದು ನಮ್ಮ ತೋಟಗಳು. ಮಳೆ ಹಿಡಿಯೋಕೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೀತೀವಲ್ಲ, ಅದರಲ್ಲಿರೋದು ಮೈಲುತುತ್ತ ಮತ್ತು ಸುಣ್ಣ. 120 ವರ್ಷದ ಹಿಂದೆ ಗ್ಲೋಗರ್‌ನ ಕಣ್ಣು ಕೆಡಿಸಿದ ಅದೇ ಸುಣ್ಣ ಸಕಲೇಶಪುರ, ಆಲೂರಿನ ತೋಟಗಳ ಡ್ರಮ್ಮಿನಲ್ಲಿ ಪ್ರತಿವರ್ಷ ಕಲಕ್ತಾ ಇರುತ್ತೆ. ಈ ಮಾತನ್ನು ಇಲ್ಲೇ ಇಟ್ಟುಕೊಂಡಿರಿ. ಕೊನೆಗೆ ಇದಕ್ಕೇ ವಾಪಸ್ ಬರ್ತೀನಿ.

ಬಿಸಿಯಾಗದ ಚಾಕು

1960ರಲ್ಲಿ ಅಮೆರಿಕದ ಥಿಯೋಡೋರ್ ಮೇಮನ್ ಮೊದಲ ಲೇಸರ್ ಮಾಡಿದರು. ಒಂದೆರಡು ವರ್ಷದೊಳಗೇ ಕಣ್ಣಿನ ವೈದ್ಯರು ಅದನ್ನು ರೆಟಿನಾ ಚಿಕಿತ್ಸೆಗೆ ಬಳಸಿದರು. ಆದರೆ ಆ ಲೇಸರ್ ಮಾಡ್ತಾ ಇದ್ದದ್ದು ಸುಡೋ ಕೆಲಸ. ಕಾರ್ನಿಯಾವನ್ನು ಸುಟ್ಟರೆ ಕಲೆ ಉಳಿಯುತ್ತೆ, ಗಾಜು ಮಬ್ಬಾಗುತ್ತೆ.

1981ರಲ್ಲಿ ಒಂದು ದೊಡ್ಡ ಹೆಜ್ಜೆ. ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಆಗ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ನವೆಂಬರ್ 27ರಂದು, ಊಟದಲ್ಲಿ ಉಳಿದ ಟರ್ಕಿ ಕೋಳಿಯ ಚೂರನ್ನು ಲ್ಯಾಬಿಗೆ ತಂದು ಅದರ ಮೇಲೆ ಎಕ್ಸೈಮರ್ ಅನ್ನೋ ನೇರಳಾತೀತ ಲೇಸರ್ ಹಾಯಿಸಿದರು. ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರ ಜೊತೆಗಾರರು. ಅಕ್ಕಪಕ್ಕ ಕರಕಲಾಗದೆ ಅಂಗಾಂಶ ಸಲೀಸಾಗಿ ಕೊರೆಯಿತು. ನಾವು ಇವತ್ತು ಲ್ಯಾಸಿಕ್ ಅಂತ ಕರೆಯೋ ಕನ್ನಡಕ ತೆಗೆಸೋ ಆಪರೇಷನ್ ಬೆಳೆದದ್ದು ಇದರಿಂದ. ಆದರೆ ಈ ಲೇಸರ್‌ಗೆ ಒಂದು ಮಿತಿ ಇದೆ. ಅದು ಮೇಲ್ಮೈಯನ್ನು ಮಾತ್ರ ಕೆರೆಯುತ್ತೆ. ಒಳಗಿನ ಪದರಕ್ಕೆ ಹೋಗಬೇಕಾದರೆ ಮೇಲಿನದನ್ನು ಮೊದಲು ಬ್ಲೇಡಿನಿಂದ ಎತ್ತಬೇಕು.

ಮೇಲೆ ಮುಟ್ಟದೆ ಒಳಗೆ ಕತ್ತರಿಸೋಕೆ ಬೇಕಾಗಿದ್ದು ಬೇರೆ ಥರದ ಬೆಳಕು. ಅದರ ಗುಟ್ಟು ಶಕ್ತಿಗಿಂತ ಹೆಚ್ಚಾಗಿ ಸಮಯದಲ್ಲಿ ಇತ್ತು.

ಒಂದು ಸೆಕೆಂಡನ್ನು 1 ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲು ತಗೊಂಡು ಮತ್ತೆ 10 ಕೋಟಿ ಪಾಲು ಮಾಡಿ. ಅದೇ ಒಂದು ಫೆಮ್ಟೋಸೆಕೆಂಡ್. ಬೆಳಕು ಒಂದು ಸೆಕೆಂಡಿನಲ್ಲಿ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತೆ. ಅದೇ ಬೆಳಕು 100 ಫೆಮ್ಟೋಸೆಕೆಂಡಿನಲ್ಲಿ ಹೋಗೋದು 0.03 ಮಿಲಿಮೀಟರ್. ತಲೆಗೂದಲಿನ ದಪ್ಪಕ್ಕಿಂತ ಕಮ್ಮಿ.

ಇಷ್ಟು ಚಿಕ್ಕ ಮಿಂಚನ್ನು ಬಲವಾಗಿ ಮಾಡೋದೇ ಸಮಸ್ಯೆಯಾಗಿತ್ತು. ಬಲ ಹೆಚ್ಚಿಸಿದರೆ, ಹೆಚ್ಚಿಸೋ ಯಂತ್ರದ ಹರಳೇ ಒಡೆದುಹೋಗ್ತಿತ್ತು. 1985ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮೂರೂ ಮತ್ತು ಅವರ ವಿದ್ಯಾರ್ಥಿನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಇದಕ್ಕೆ ದಾರಿ ಕಂಡುಹಿಡಿದರು. ನಮ್ಮ ಶಿರಾಡಿ ಘಾಟಿಯನ್ನು ನೆನಪಿಸಿಕೊಳ್ಳಿ. ನೂರು ಲಾರಿ ಒಟ್ಟಿಗೆ ಒಂದು ಹಳೇ ಸೇತುವೆ ಮೇಲೆ ನಿಂತರೆ ಸೇತುವೆ ಕುಸಿಯುತ್ತೆ. ಒಂದೊಂದಾಗಿ, ಅಂತರ ಬಿಟ್ಟು ದಾಟಿಸಿದರೆ ಸೇತುವೆಗೆ ಏನೂ ಆಗಲ್ಲ, ಆ ಕಡೆ ಹೋಗಿ ಮತ್ತೆ ಒಟ್ಟಿಗೆ ಸೇರಬಹುದು. ಅವರು ಬೆಳಕಿಗೆ ಇದನ್ನೇ ಮಾಡಿದರು. ಮಿಂಚನ್ನು ಮೊದಲು ಉದ್ದಕ್ಕೆ ಎಳೆದರು, ಎಳೆದ ಸ್ಥಿತಿಯಲ್ಲಿ ಬಲ ತುಂಬಿದರು, ಆಮೇಲೆ ಮತ್ತೆ ಕುಗ್ಗಿಸಿದರು. ಇದಕ್ಕಾಗಿ 2018ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೂರನೇ ಮಹಿಳೆ ಸ್ಟ್ರಿಕ್‌ಲ್ಯಾಂಡ್. ಎರಡನೆಯವರು 1963ರಲ್ಲಿ ಪಡೆದ ಮರಿಯಾ ಗೋಪರ್ಟ್ ಮೇಯರ್. ಒಂದೇ ಕ್ಷಣದಲ್ಲಿ ಎರಡು ಬೆಳಕಿನ ಕಣಗಳನ್ನು ಒಂದು ಅಣು ಒಟ್ಟಿಗೆ ಹೀರಬಹುದು ಅಂತ 1931ರಲ್ಲೇ ಲೆಕ್ಕ ಹಾಕಿ ಹೇಳಿದ್ದು ಅವರೇ. ಆ ಲೆಕ್ಕವೂ ಮುಂದೆ ಕೆಲಸಕ್ಕೆ ಬರುತ್ತೆ.

ಇದು ಕಣ್ಣಿನ ಆಸ್ಪತ್ರೆಗೆ ಬಂದದ್ದು ಒಂದು ಅಪಘಾತದಿಂದ. ಮೂರೂ ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. 1993ರಲ್ಲಿ ಅಲ್ಲಿನ ಲ್ಯಾಬಿನಲ್ಲಿ ಡೆಟಾವೋ ಡು ಅನ್ನೋ ವಿದ್ಯಾರ್ಥಿಯ ಕಣ್ಣಿಗೆ ಫೆಮ್ಟೋಸೆಕೆಂಡ್ ಲೇಸರ್ ತಗುಲಿತು. ಪರೀಕ್ಷೆ ಮಾಡಿದ ಯುವ ವೈದ್ಯ ರಾನ್ ಕರ್ಟ್ಜ್ ಆ ಗಾಯ ನೋಡಿ ಬೆರಗಾದರು. ಗಾಯ ಅಷ್ಟು ಸಣ್ಣದು, ಅಷ್ಟು ಅಚ್ಚುಕಟ್ಟು. ಇದು ಯಾವ ಲೇಸರ್ ಅಂತ ವಿಚಾರಿಸಿಕೊಂಡು ಅವರು ಆ ಲ್ಯಾಬಿನ ಜೊತೆ ಸೇರಿದರು. 1997ರಲ್ಲಿ ಕರ್ಟ್ಜ್ ಮತ್ತು ಭೌತವಿಜ್ಞಾನಿ ಟಿಬೋರ್ ಯುಹಾಸ್ ಇಂಟ್ರಾಲೇಸ್ ಅನ್ನೋ ಕಂಪನಿ ಕಟ್ಟಿದರು. ಬ್ಲೇಡ್ ಇಲ್ಲದ ಲ್ಯಾಸಿಕ್ ಅಂತ ಜಾಹೀರಾತಿನಲ್ಲಿ ನೋಡ್ತೀವಲ್ಲ, ಅದರ ಬೇರು ಇಲ್ಲಿದೆ.

ಇದು ಒಳಗೆ ಕತ್ತರಿಸೋದು ಹೇಗೆ? ಈ ಲೇಸರ್‌ನ ಬೆಳಕು ಅವಗೆಂಪು. ಕಾರ್ನಿಯಾ ಅದನ್ನು ಹೀರಲ್ಲ, ಸುಮ್ಮನೆ ದಾಟಿಹೋಗೋಕೆ ಬಿಡುತ್ತೆ. ಲೆನ್ಸ್ ಹಾಕಿ ಬೆಳಕನ್ನು ಒಳಗಿನ ಒಂದು ಬಿಂದುವಿಗೆ ಕೂಡಿಸಿದಾಗ ಆ ಬಿಂದುವಿನಲ್ಲಿ ಮಾತ್ರ ಅನೇಕ ಕಣಗಳನ್ನು ಒಟ್ಟಿಗೆ ಹೀರುವಷ್ಟು ದಟ್ಟಣೆ ಆಗುತ್ತೆ. ಅಲ್ಲಿ ಒಂದು ಸೂಕ್ಷ್ಮ ಗುಳ್ಳೆ ಏಳುತ್ತೆ. ಶಾಖ ಪಕ್ಕಕ್ಕೆ ಹರಡೋ ಮುಂಚೆ ಬೆಳಕು ಮುಗಿದಿರುತ್ತೆ. ಬಿಸಿ ಹೆಂಚನ್ನು ತಟ್ಟನೆ ಮುಟ್ಟಿ ಬಿಟ್ಟರೆ ಕೈ ಸುಡಲ್ಲ, ಹಾಗೆ. ಇಂಥ ಲಕ್ಷಾಂತರ ಗುಳ್ಳೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಅಂಚೆಚೀಟಿಯ ತೂತುಗಳ ಸಾಲಿನಂತೆ ಪದರ ಬಿಟ್ಟುಕೊಳ್ಳುತ್ತೆ.

ಜಯನಗರದಲ್ಲಿ ಉಳಿಸಿಟ್ಟ ಚೂರು

ಈಗ ನಮ್ಮ ನಾಡಿಗೆ ಬರೋಣ. ಈ ಲೇಸರ್‌ನಿಂದ ಜರ್ಮನಿಯ ವಾಲ್ಟರ್ ಸೆಕುಂಡೋ ಮತ್ತು ಮಾರ್ಕುಸ್ ಬ್ಲೂಮ್ ಹೊಸದೊಂದು ಆಪರೇಷನ್ ರೂಪಿಸಿದರು. ಅದಕ್ಕೆ ಸ್ಮೈಲ್ ಅಂತ ಹೆಸರು. ಕಾರ್ನಿಯಾದ ಒಳಗೇ ಬೆಳಕಿನಿಂದ ಲೆನ್ಸ್ ಆಕಾರದ ಒಂದು ತೆಳು ಬಿಲ್ಲೆ ಕತ್ತರಿಸಿ, ಕೆಲವೇ ಮಿಲಿಮೀಟರ್‌ನ ಸೀಳಿನಿಂದ ಅದನ್ನು ಹೊರಗೆ ಎಳೆಯೋದು. ಬಿಲ್ಲೆ ಹೋದ ಮೇಲೆ ಕಾರ್ನಿಯಾದ ಬಾಗು ಬದಲಾಗುತ್ತೆ, ಕನ್ನಡಕದ ನಂಬರ್ ಹೋಗುತ್ತೆ. 2011ರಲ್ಲಿ ಇದರ ಮೊದಲ ಫಲಿತಾಂಶಗಳು ಪ್ರಕಟವಾದಾಗ ಅವುಗಳಲ್ಲಿ ಒಂದು ಭಾರತದ್ದೇ, ವಡೋದರಾದ ಡಾ. ರೂಪಲ್ ಶಾ ಅವರದ್ದು. ಅಮೆರಿಕದ ನಿಯಂತ್ರಣ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ, ಐದು ವರ್ಷ ಆದಮೇಲೆ.

ಸಾಮಾನ್ಯವಾಗಿ ಆ ಬಿಲ್ಲೆಯನ್ನು ಕಸದ ಬುಟ್ಟಿಗೆ ಹಾಕ್ತಾ ಇದ್ದರು. ಬೆಂಗಳೂರಿನ ಜಯನಗರದ ನೇತ್ರಧಾಮ ಆಸ್ಪತ್ರೆಯ ಡಾ. ಶ್ರೀ ಗಣೇಶ್ ಮತ್ತು ಡಾ. ಶೀತಲ್ ಬ್ರಾರ್ ಬೇರೆ ಪ್ರಶ್ನೆ ಕೇಳಿದರು. ಇದು ಆರೋಗ್ಯವಂತ ಮನುಷ್ಯನ ಜೀವಂತ ಅಂಗಾಂಶ. ಇನ್ನೊಬ್ಬರಿಗೆ ಯಾಕೆ ಆಗಬಾರದು? 2014ರಲ್ಲಿ ಅವರ ತಂಡ ಈ ಬಿಲ್ಲೆಗಳನ್ನು ಅತಿ ಶೀತದಲ್ಲಿ ಕಾಪಿಡೋ ಬಗ್ಗೆ ಪ್ರಬಂಧ ಪ್ರಕಟಿಸಿತು. ಹತ್ತಿರದ ದೃಷ್ಟಿ ಮಾತ್ರ ಇರೋ ಒಬ್ಬರಿಂದ ತೆಗೆದ ಬಿಲ್ಲೆಯನ್ನು, ಅದಕ್ಕೆ ತದ್ವಿರುದ್ಧ ದೋಷ ಇರೋ ಇನ್ನೊಬ್ಬರ ಕಾರ್ನಿಯಾದ ಒಳಗೆ ಲೇಸರ್‌ನಿಂದ ಜೇಬು ಮಾಡಿ ಸೇರಿಸಿದರು. ಮೈನಸ್ ನಂಬರ್‌ನವರಿಂದ ತೆಗೆದದ್ದು ಪ್ಲಸ್ ನಂಬರ್‌ನವರಿಗೆ. ಇಂಥವರ ಐದು ವರ್ಷಗಳ ಫಲಿತಾಂಶವನ್ನೂ ಆಮೇಲೆ ಪ್ರಕಟಿಸಿದರು.

2015ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಕೆರಟೋಕೋನಸ್ ಅಂತ ಒಂದು ಕಾಯಿಲೆ ಇದೆ. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತೆ. ಕಾರ್ನಿಯಾ ತೆಳುವಾಗುತ್ತಾ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುತ್ತೆ. ಕಣ್ಣು ಜೋರಾಗಿ ಉಜ್ಜೋ ಅಭ್ಯಾಸ ಇದನ್ನು ಹೆಚ್ಚಿಸುತ್ತೆ, ದಯವಿಟ್ಟು ಉಜ್ಜಬೇಡಿ. ಗಣೇಶ್ ಮತ್ತು ಬ್ರಾರ್ ದಾನದ ಬಿಲ್ಲೆಯ ನಡುವೆ ತೂತು ಮಾಡಿ, ಅಂದರೆ ಉದ್ದಿನ ವಡೆಯ ಆಕಾರಕ್ಕೆ ತಂದು, ತೆಳುವಾದ ಕಾರ್ನಿಯಾದೊಳಗೆ ಕೂರಿಸಿದರು. ಜೊತೆಗೆ ಕಾರ್ನಿಯಾವನ್ನು ಗಟ್ಟಿ ಮಾಡೋ ರೈಬೋಫ್ಲೇವಿನ್ ಚಿಕಿತ್ಸೆ ಕೊಟ್ಟರು. ಮೊದಲ ವರದಿಯಲ್ಲಿ ಇದ್ದದ್ದು 6 ಕಣ್ಣು ಮಾತ್ರ. ಸಣ್ಣ ಸಂಖ್ಯೆ, ನಿಜ. ಆದರೆ 1905ರಲ್ಲಿದ್ದದ್ದೂ ಒಬ್ಬನೇ ರೋಗಿ.

ನನಗೆ ಇಲ್ಲಿ ಇಷ್ಟ ಆಗೋದು ಯೋಚನೆ. ಲೇಸರ್ ನಮ್ಮದಲ್ಲ, ಯಂತ್ರ ಹೊರಗಿನಿಂದ ಬಂದದ್ದು. ಆದರೆ ಕಸ ಅಂತ ಎಸೆಯೋದನ್ನು ಬೇರೆಯವರಿಗೆ ಉಪಯೋಗಿಸಿ ತೋರಿಸಿದವರಲ್ಲಿ ಜಯನಗರದವರೂ ಇದ್ದಾರೆ.

ಕಟ್ಟೋ ಬೆಳಕು, ಹಿಡಿಯೋ ಬೆಳಕು

ಇದೇ ಬೆಳಕು ಕತ್ತರಿಸೋದಷ್ಟೇ ಅಲ್ಲ, ಕಟ್ಟುತ್ತೆ ಕೂಡ. ಕೆಲವು ರಾಳಗಳು ಬೆಳಕು ಬಿದ್ದರೆ ಗಟ್ಟಿಯಾಗುತ್ತವೆ. ಫೆಮ್ಟೋಸೆಕೆಂಡ್ ಲೇಸರ್‌ನ ಬಿಂದುವಿನಲ್ಲಿ ಮಾತ್ರ ಎರಡು ಕಣ ಒಟ್ಟಿಗೆ ಹೀರೋದರಿಂದ, ಆ ಬಿಂದು ಮಾತ್ರ ಗಟ್ಟಿಯಾಗುತ್ತೆ. ಗೋಪರ್ಟ್ ಮೇಯರ್ ಅವರ ಹಳೇ ಲೆಕ್ಕ ಇಲ್ಲಿ ಬಂತು ನೋಡಿ. 2001ರಲ್ಲಿ ಜಪಾನಿನ ಒಸಾಕಾದಲ್ಲಿ ಸತೋಶಿ ಕವಾಟಾ ಅವರ ತಂಡ ಹೀಗೆ ಒಂದು ಗೂಳಿ ಮಾಡಿತು. ಉದ್ದ 10 ಮೈಕ್ರಾನ್, ಎತ್ತರ 7 ಮೈಕ್ರಾನ್. ಅಂದರೆ ಒಂದು ಕೆಂಪು ರಕ್ತಕಣದಷ್ಟು. ಕೋಡು, ಬಾಲ ಎಲ್ಲ ಇತ್ತು. ಆ ಗೂಳಿಯ ದಾರಿಯಲ್ಲೇ ಇವತ್ತು ಜೀವಕೋಶ ಬೆಳೆಸೋ ಸೂಕ್ಷ್ಮ ಚೌಕಟ್ಟು, ನೋವಾಗದ ಸೂಕ್ಷ್ಮ ಸೂಜಿಗಳನ್ನು ಲ್ಯಾಬುಗಳಲ್ಲಿ ಕಟ್ಟುತ್ತಿದ್ದಾರೆ.

ಇನ್ನು ಹಿಡಿಯೋ ಬೆಳಕು. 2018ರ ಅದೇ ನೊಬೆಲ್‌ನಲ್ಲಿ ಅರ್ಧ ಪಾಲು 96 ವರ್ಷದ ಆರ್ಥರ್ ಆಶ್ಕಿನ್ ಅವರಿಗೆ ಹೋಯಿತು. ಬೆಳಕಿನ ಚಿಮುಟ ಮಾಡಿದ್ದಕ್ಕೆ. ಲೇಸರ್ ಕಿರಣವನ್ನು ಬಿಂದುವಿಗೆ ಕೂಡಿಸಿ ಒಂದು ಜೀವಕೋಶವನ್ನು ಅಲ್ಲೇ ಹಿಡಿದು ನಿಲ್ಲಿಸೋದು. ಇದಕ್ಕೆ ಮಿಂಚು ಬೇಕಿಲ್ಲ, ಎಡೆಬಿಡದ ಬೆಳಕೇ ಸಾಕು. ನಮ್ಮಿಂದ ಘಾಟಿ ಇಳಿದರೆ ಸಿಗೋ ಮಣಿಪಾಲದಲ್ಲಿ ಅಸೀಫಲಿ ಬಂಕಾಪುರ್, ಸಂತೋಷ್ ಚಿದಂಗಿಲ್, ಮನ್ನಾ ವಲಿಯತ್ತಾನ್, ದೀಪಕ್ ಮಾಥೂರ್ ಮತ್ತು ಅವರ ಜೊತೆಗಾರರು ಹೀಗೆ ಒಂದೊಂದೇ ರಕ್ತಕಣವನ್ನು, ಕೆಂಪು ಮತ್ತು ಬಿಳಿ ಎರಡನ್ನೂ, ಜೀವಂತವಾಗಿ ಹಿಡಿದು ಅದರಿಂದ ಚದುರಿದ ಬೆಳಕನ್ನು ಓದಿದರು. ಆ ಓದಿಗೆ ನಮ್ಮ ಸಿ.ವಿ. ರಾಮನ್ ಅವರ ಹೆಸರೇ ಇದೆ, ರಾಮನ್ ರೋಹಿತ. 2010ರಲ್ಲಿ ಪ್ರಕಟವಾದ ಕೆಲಸ ಇದು.

ಬಿಲ್ ಬಂದಾಗ

ನಾನು ಬಿ.ಕಾಂ ಓದಿದವನು. ಏನೇ ಹೊಸದು ನೋಡಿದರೂ ಕೊನೆಗೆ ಕೇಳೋದು ಒಂದೇ, ಇದಕ್ಕೆ ಕೊಟ್ಟ ಹೆಚ್ಚಿನ ದುಡ್ಡಿಗೆ ಹೆಚ್ಚಿನದೇನು ಸಿಕ್ಕಿತು?

ನಿಮ್ಮ ಅಜ್ಜಿಗೆ ಪೊರೆ ಆಪರೇಷನ್ ಅಂತ ಆಸ್ಪತ್ರೆಗೆ ಹೋದರೆ ಎರಡು ಮೂರು ಪ್ಯಾಕೇಜ್ ತೋರಿಸ್ತಾರೆ. ಮೇಲಿನ ಪ್ಯಾಕೇಜಿನಲ್ಲಿ ಕೆಲವು ಕಡೆ ಫೆಮ್ಟೋ ಲೇಸರ್ ಇರುತ್ತೆ. ಫ್ರಾನ್ಸಿನ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳು 900ರ ಆಸುಪಾಸಿನ ರೋಗಿಗಳ ಮೇಲೆ ಇದನ್ನು ಪರೀಕ್ಷೆ ಮಾಡಿದವು. ಅರ್ಧ ಜನಕ್ಕೆ ಲೇಸರ್ ಸಹಾಯದಿಂದ, ಅರ್ಧ ಜನಕ್ಕೆ ಮಾಮೂಲಿ ಫೇಕೋ ವಿಧಾನದಿಂದ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಲೇಸರ್ ಮಾಡಿಸಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ, ಖರ್ಚು ಮಾತ್ರ ಹೆಚ್ಚಾಯಿತು.

ಲೇಸರ್ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಮಾಮೂಲಿ ಪೊರೆ ಆಪರೇಷನ್ನಿನಲ್ಲಿ ನುರಿತ ವೈದ್ಯರ ಕೈ ಈಗಾಗಲೇ ಅಷ್ಟು ಚೆನ್ನಾಗಿದೆ. ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರ ಮಾಡಿ ಒಂದೇ ದಿನ ನೂರಾರು ಜನರಿಗೆ ಪೊರೆ ತೆಗೆದ ನಾಡು ಇದು. ಕಾರ್ನಿಯಾದ ಒಳಗೆ, ಮೇಲೆ ಮುಟ್ಟದೆ ಬಿಲ್ಲೆ ಕತ್ತರಿಸೋದು ಮಾತ್ರ ಕೈಗೆ ಆಗದ ಕೆಲಸ. ಅಲ್ಲಿ ಬೆಳಕಿಗೆ ದುಡ್ಡು ಕೊಡೋದಕ್ಕೆ ಅರ್ಥ ಇದೆ. ಹಾಗಾಗಿ ಅಜ್ಜಿಯ ಜೊತೆ ಹೋದಾಗ ಸಂಕೋಚ ಇಲ್ಲದೆ ಕೇಳಿ: ಡಾಕ್ಟ್ರೇ, ಮಾಮೂಲಿ ವಿಧಾನದಲ್ಲಿ ಆಗದ್ದು ಇದರಲ್ಲಿ ಏನಾಗುತ್ತೆ?

18 ಗಂಟೆ ಮತ್ತು 6 ಗಂಟೆ

ಈಗ ಸುಣ್ಣದ ಡ್ರಮ್ಮಿಗೆ ವಾಪಸ್ ಬರ್ತೀನಿ.

ನಮ್ಮ ಕಡೆ ಕಣ್ಣಿಗೆ ಏಟಾಗೋದು ಹೇಗೆ? ಚಿಗುರು ತೆಗೆಯುವಾಗ ಕಾಫಿ ರೆಕ್ಕೆ ಹೊಡೆಯುತ್ತೆ. ಏಣಿ ಮೇಲೆ ನಿಂತು ಮೆಣಸು ಕೊಯ್ಯುವಾಗ ಬಳ್ಳಿ ತಾಗುತ್ತೆ. ಕಳೆ ಹೊಡೆಯೋ ಮೆಷಿನ್ನಿನಿಂದ ಕಲ್ಲು ಸಿಡಿಯುತ್ತೆ. ಸಣ್ಣ ಗೀರು, ನಾಳೆ ಸರಿಹೋಗುತ್ತೆ ಅಂತ ಬಿಡ್ತಾರೆ. ಕೆಲವರು ಎದೆಹಾಲು ಬಿಡ್ತಾರೆ, ಕೆಲವರು ಸೊಪ್ಪಿನ ರಸ ಹಿಂಡ್ತಾರೆ, ಇನ್ನು ಕೆಲವರು ಮೆಡಿಕಲ್ ಶಾಪಿನಲ್ಲಿ ಕೊಟ್ಟ ಯಾವುದೋ ಡ್ರಾಪ್ಸ್ ಹಾಕ್ತಾರೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಸೋಂಕು ಇನ್ನೂ ಹಬ್ಬುತ್ತೆ. ಗಿಡದಿಂದ ಆದ ಗೀರಿನಲ್ಲಿ ಶಿಲೀಂಧ್ರ ಸೇರಿಕೊಂಡರೆ ಹುಣ್ಣಾಗಿ, ಹುಣ್ಣು ಮಾಗಿದ ಮೇಲೂ ಬಿಳಿ ಕಲೆ ಉಳಿಯುತ್ತೆ. ಆಮೇಲೆ ಬೇಕಾಗೋದು ಅದೇ ಕಸಿ, ಅದೇ ದಾನದ ಕಾರ್ನಿಯಾ.

ಇದನ್ನು ಮೊದಲೇ ತಡೆಯಬಹುದಾ? ನೇಪಾಳದ ಭಕ್ತಪುರ ಜಿಲ್ಲೆಯಲ್ಲಿ ನೋಡಿದ್ದಾರೆ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಾರ್ನಿಯಾದ ಗೀರು ಗುರುತಿಸೋಕೆ ಕಲಿಸಿ, ಅಗ್ಗದ ಒಂದು ಆ್ಯಂಟಿಬಯೋಟಿಕ್ ಮುಲಾಮು ಕೊಟ್ಟರು. ದಿನಕ್ಕೆ ಮೂರು ಸಲ, ಮೂರು ದಿನ. 2001ರಲ್ಲಿ ಪ್ರಕಟವಾದ ಫಲಿತಾಂಶ ಕೇಳಿ. ಒಟ್ಟು 442 ಜನ. ಏಟಾದ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು, ಎರಡು ದಿನದೊಳಗೆ ಬಂದವರು 49 ಜನ. ಅವರಲ್ಲಿ 14 ಜನಕ್ಕೆ ಹುಣ್ಣಾಗಿತ್ತು.

ಮುಲಾಮು ಅದೇ, ಕಣ್ಣು ಅಂಥದ್ದೇ, ವ್ಯತ್ಯಾಸ ಗಂಟೆಗಳದ್ದು. ಫೆಮ್ಟೋಸೆಕೆಂಡಿನ ಲೇಸರ್ ಹಾನುಬಾಳಿಗೆ ಬರಲ್ಲ, ಬರಬೇಕಾಗಿಯೂ ಇಲ್ಲ. ಆದರೆ 18 ಗಂಟೆಯೊಳಗೆ ನೋಡೋ ಒಬ್ಬರು ಪ್ರತಿ ಹೋಬಳಿಯಲ್ಲೂ ಇರಬೇಕು. ಇದನ್ನು ನಾವು ಗ್ರಾಮಸಭೆಯಲ್ಲಿ ಕೇಳಬಹುದು. ಅಲ್ಲೀತನಕ, ಕಣ್ಣಿಗೆ ಗೀರಾದರೆ ನಾಳೆ ಅನ್ನಬೇಡಿ, ಅವತ್ತೇ ಸಕಲೇಶಪುರಕ್ಕೋ ಹಾಸನಕ್ಕೋ ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿ. ಸುಣ್ಣ ಬಿದ್ದರೆ ಹೊರಡೋಕೆ ಮುಂಚೆ ನಿಂತ ಜಾಗದಲ್ಲೇ ಅರ್ಧ ಗಂಟೆ ಶುದ್ಧ ನೀರು ಹಾಯಿಸಿ ತೊಳೆಯಿರಿ, ರೆಪ್ಪೆ ಬಿಡಿಸಿ ಒಳಗೂ ತೊಳೆಯಿರಿ. ಬೋರ್ಡೋ ಹೊಡೆಯೋರಿಗೆ, ಕಳೆ ಮೆಷಿನ್ ಹಿಡಿಯೋರಿಗೆ ಕನ್ನಡಕ ಕೊಡಿಸೋದು ತೋಟದ ಮಾಲೀಕರ ಕೆಲಸ. ನಮ್ಮ ತೋಟದವರೂ ಸೇರಿ.

ಕೊನೆಗೆ 6 ಗಂಟೆ. ಸಾವಾದ 6 ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ರಾಜ್‌ಕುಮಾರ್ ಕುಟುಂಬಕ್ಕೆ ಇದು ಗೊತ್ತಿತ್ತು. ಅಣ್ಣಾವ್ರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ನಮ್ಮ ಊರುಗಳಲ್ಲಿ ಸಾವಿನ ಮನೆಯಲ್ಲಿ ಈ ಮಾತು ಎತ್ತೋಕೆ ಯಾರಿಗೂ ಧೈರ್ಯ ಬರಲ್ಲ, ಬರೋ ಹೊತ್ತಿಗೆ ಸಮಯ ಮೀರಿರುತ್ತೆ. ಆದ್ದರಿಂದ ಎಲ್ಲರೂ ಚೆನ್ನಾಗಿರುವಾಗಲೇ ಮನೆಯಲ್ಲಿ ಮಾತಾಡಿಬಿಡಿ. ವಯಸ್ಸಾಗಿದ್ದರೂ, ಕನ್ನಡಕ ಇದ್ದರೂ, ಪೊರೆ ಆಪರೇಷನ್ ಆಗಿದ್ದರೂ ಕಣ್ಣು ಕೊಡಬಹುದು. ಆ ಹೊತ್ತು ಬಂದಾಗ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆ ಸ್ವಲ್ಪ ಎತ್ತರಿಸಿ, ಫ್ಯಾನ್ ಆರಿಸಿ, ಐ ಬ್ಯಾಂಕಿಗೆ ಫೋನ್ ಮಾಡಿ.

ಈ ಸಂಚಿಕೆ ಕೇಳ್ತಾ ಇರೋ ಫೋನಿನಲ್ಲೇ ನಿಮ್ಮ ಹತ್ತಿರದ ಐ ಬ್ಯಾಂಕಿನ ನಂಬರ್ ಹುಡುಕಿ ಸೇವ್ ಮಾಡಿಕೊಳ್ಳಿ. ಮನೆ ಗ್ರೂಪಿಗೂ ಹಾಕಿ. ಮುಂದಿನ ವಾರ ಸಿಗೋಣ.